ಒಂದು ಗೇಣು ಎತ್ತರಿಸಿದ ಗಾಡಿ

ಕಾಕಾನ ಬಲಗಾಲಿನ ಮೇಲೆ, ಮೊಣಕಾಲಿಗೆ ಸ್ವಲ್ಪ ಕೆಳಗೆ, ಕೆಸರಿನ ಒಂದು ಗೆರೆಯಿತ್ತು. ಗೆರೆಯಿಂದ ಪಾದದವರೆಗೆ ಒಣಗಿದ ಎರೆಮಣ್ಣು ಅಂಟಿಕೊಂಡು, ಅಲ್ಲಲ್ಲಿ ಬಿರುಕು ಬಿಟ್ಟು, ಬೇಸಿಗೆಯ ಕೆರೆಯ ತಳದಂತೆ ಕಾಣುತ್ತಿತ್ತು. ಉಳಿದ ಮೈಯೆಲ್ಲ ತೊಳೆದು, ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಟ್ಟಿದ್ದ ಮನುಷ್ಯ ಆ ಒಂದು ಕಾಲಿಗೆ ಮಾತ್ರ ನೀರು ತಾಕಿಸಿರಲಿಲ್ಲ. ಮಣ್ಣು ಉದುರದಂತೆ ಅದನ್ನು ಜೋಪಾನವಾಗಿ ಎತ್ತಿಡುತ್ತ, ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಅವನು ಮಿಸ್ತ್ರಿಯ ಅಂಗಡಿಗೆ ನಡೆದುಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಬಲಗಾಲು ಎಂದು ಬರೆದೆ. ಎಡಗಾಲೂ ಆಗಿದ್ದಿರಬಹುದು. ನಾನು ಮನಃಶಾಸ್ತ್ರ ಓದಿ, ಅದನ್ನೇ ಕಾಲೇಜಿನಲ್ಲಿ ಪಾಠ ಹೇಳಿ ಬದುಕಿದವನು. ನೆನಪು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ಬೇಕೆಂದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವ ಗುಡಿಸಲು ಎಂದು ಎಷ್ಟೋ ಹುಡುಗರಿಗೆ ಹೇಳಿದ್ದೇನೆ. ಹಾಗೆ ಹೇಳುವುದು ಸುಲಭ. ಕಾಕಾನ ವಿಷಯದಲ್ಲಿ ನನಗೆ ಖಚಿತವಾಗಿ ಬೇಕಾದದ್ದು ಒಂದೇ ಸಂಗತಿ, ಅದೇ ಕೈಗೆ ಸಿಗುತ್ತಿಲ್ಲ. ಅಪ್ಪನನ್ನು ಅವನ ಗಾಡಿಯಲ್ಲಿ ಊರಿಗೆ ಒಯ್ದ ದಿನ, ಊರಬಾಗಿಲಾದ ಅಗಸಿಯ ಮುಂದೆ ನಿಂತಾಗ, ಅಪ್ಪನಿಗೆ ಉಸಿರಿತ್ತೇ? ಇದೆ ಎಂದು ಹೇಳಿದವರು ಯಾರು?

ಅವನು ನನ್ನ ಸ್ವಂತ ಕಾಕಾ ಅಲ್ಲ. ನನ್ನ ಕಾಲೇಜಿಗಾಗಿ ಅವ್ವ ಮತ್ತು ನಾನು ರಾಯಚೂರಿನಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಅಪ್ಪ ಊರಲ್ಲೇ ಇದ್ದು ಹೊಲ ನೋಡುತ್ತಿದ್ದರು. ನಮ್ಮ ಊರು ದೇವದುರ್ಗಕ್ಕೂ ಮಾನ್ವಿಗೂ ನಡುವೆ, ಮಳೆ ಬಂದರೆ ಎರಡೂ ಕಡೆಯಿಂದ ದೂರವಾಗುವಂಥ ಜಾಗದಲ್ಲಿತ್ತು. ನಮ್ಮ ಬಾಡಿಗೆ ಮನೆಯ ಎದುರಿನ ಬಯಲಿನಲ್ಲಿ ಕಾಕಾ ತನ್ನ ಗಾಡಿ ನಿಲ್ಲಿಸುತ್ತಿದ್ದ. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಪಿಕಪ್ ಅದು. ಮುಂದೆ ಇಬ್ಬರು ಕೂಡುವ ಜಾಗ, ಹಿಂದೆ ತೆರೆದ ತೊಟ್ಟಿ, ತೊಟ್ಟಿಯ ಮೇಲೆ ಕಬ್ಬಿಣದ ಕಮಾನುಗಳು, ಅವುಗಳ ಮೇಲೆ ತಾಡಪತ್ರಿ. ಗಾಡಿಯ ಪಕ್ಕದ ತಗಡಿನ ಖೋಲಿಯಲ್ಲಿ ಅವನೊಬ್ಬನೇ ಇರುತ್ತಿದ್ದ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದಳು. ಚಹಾವನ್ನು ಬಸಿಯಲ್ಲಿ ಹುಯ್ದು ಸದ್ದು ಮಾಡುತ್ತ ಕುಡಿಯುತ್ತಿದ್ದ, ತಂಬಾಕು ತಿಕ್ಕುತ್ತ ಗಾಡಿಯ ಜೊತೆ ಮಾತಾಡುತ್ತಿದ್ದ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಾಡಿಗೆಗೆ ಬಂದವರ ಜೊತೆ ಜಗಳವಾಡಿ ಕಳಿಸಿ, ಆಮೇಲೆ ಬಾಡಿಗೆ ಹೋಯಿತೆಂದು ಅವರನ್ನೇ ಬೈಯುತ್ತಿದ್ದ. ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕೂತ ನನ್ನನ್ನು ಕಂಡರೆ, "ಏನ್ ಶ್ಯಾಣ್ಯಾ, ಇವತ್ತರ ದೇವರು ಇಲ್ಲಂತ ಗೊತ್ತಾತೇನು?" ಎಂದು ಕೇಳುವುದು ಅವನ ದಿನದ ವಿನೋದ.

ಹಗಲೆಲ್ಲ ಹತ್ತಿಯ ಅಂಡಿಗೆಯನ್ನೋ ಅಕ್ಕಿ ಮಿಲ್ಲಿನ ಚೀಲವನ್ನೋ ಹೇರುತ್ತಿದ್ದ ಆ ಗಾಡಿಗೆ ಇನ್ನೊಂದು ಕೆಲಸವಿತ್ತು. ದವಾಖಾನೆಯಲ್ಲಿ ಇನ್ನು ಮನೆಗೆ ಒಯ್ಯಿರಿ ಎಂದು ಹೇಳಿಸಿಕೊಂಡವರನ್ನು ಅವರವರ ಹಳ್ಳಿಗೆ ಮುಟ್ಟಿಸುವುದು. ಬೇರೆ ಗಾಡಿಯವರು ಇದಕ್ಕೆ ಒಪ್ಪುತ್ತಿರಲಿಲ್ಲ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಊರ ಹೊರಗೆ ಪ್ರಾಣ ಬಿಟ್ಟವರನ್ನು ಅಗಸಿಯೊಳಗೆ ತರುತ್ತಿರಲಿಲ್ಲ. ಊರ ಮುಂದಿನ ಆ ಕಲ್ಲಿನ ಬಾಗಿಲ ಹೊರಗೆ, ಬೇವಿನ ಮರದ ಕೆಳಗೋ ಯಾರದೋ ಕಣದಲ್ಲೋ ಇಳಿಸಿ, ಅಲ್ಲಿಂದಲೇ ಮಣ್ಣಿಗೆ ಒಯ್ಯುತ್ತಿದ್ದರು. ಸ್ವಂತ ಮನೆಯಿದ್ದೂ ಅದರ ಹೊಸ್ತಿಲು ದಾಟದೆ ಹೋಗುವುದು ದೊಡ್ಡ ಅಪಮಾನವಾಗಿತ್ತು. ಉಳಿದವರು ವರ್ಷಗಟ್ಟಲೆ ಅದನ್ನೇ ಆಡಿಕೊಂಡು ಅಳುತ್ತಿದ್ದರು. ಹಾಗಾಗಿ ಕಾಕಾನಿಗೆ ಜನ ಹೇಳುತ್ತಿದ್ದದ್ದು ಒಂದೇ ಮಾತು: ಉಸಿರು ಇರುವುದರೊಳಗೆ ಹೊಸ್ತಿಲು ದಾಟಿಸು.

ಅವನಿಗೊಂದು ಪದ್ಧತಿಯಿತ್ತು. ದಾರಿಯಲ್ಲಿ ಹಳ್ಳ ಬಂದಾಗಲೆಲ್ಲ ಇಳಿಯುವ ಮೊದಲು ಗಾಡಿ ನಿಲ್ಲಿಸಿ, ಹಿಂದಕ್ಕೆ ಬಂದು, ಮಲಗಿದವರ ಮೂಗಿನ ಬಳಿ ಅಂಗೈಯ ಬೆನ್ನು ಹಿಡಿಯುತ್ತಿದ್ದ. ಹೆಂಗಸರು ಅವನ ಮುಖವನ್ನೇ ನೋಡುತ್ತಿದ್ದರು. "ಅದ" ಎನ್ನುತ್ತಿದ್ದ. ಅಷ್ಟೇ ಹೇಳಿ ಮತ್ತೆ ಮುಂದೆ ಹೋಗಿ ಕೂಡುತ್ತಿದ್ದ. ಅವನ ಬಾಯಿಂದ ಇಲ್ಲ ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ.

ಆ ಕೆಸರಿನ ಗೆರೆ ಬಂದದ್ದು ಇಂಥ ಒಂದು ಪ್ರಯಾಣದಿಂದಲೇ. ಮಾನ್ವಿ ತಾಲೂಕಿನ ಒಬ್ಬ ಮುದುಕಿಯನ್ನು ಕರೆದುಕೊಂಡು ಹೋಗಿದ್ದ. ಊರು ಕಣ್ಣಿಗೆ ಕಾಣುತ್ತಿದ್ದಾಗ, ಕೊನೆಯ ಹಳ್ಳದಲ್ಲಿ ಗಾಡಿಯ ಹೊಟ್ಟೆ ಎರೆಮಣ್ಣಿನ ಮೇಲೆ ಕೂತುಬಿಟ್ಟಿತು. ಎರೆಮಣ್ಣು ಕಂಡವರಿಗೆ ಗೊತ್ತು, ಗಾಲಿ ತಿರುಗಿದಷ್ಟೂ ಗಾಡಿ ಇಳಿಯುತ್ತದೆ. ಕಾಕಾ ಕೆಸರಿಗೆ ಇಳಿದು ಕೈಯಿಂದ ಬಗೆದ, ತಾಡಪತ್ರಿ ಹರಿದು ಗಾಲಿಯ ಕೆಳಗೆ ಹಾಕಿದ. ಎತ್ತು ತರಲು ಊರೊಳಕ್ಕೆ ಓಡಿದ ಮಗ ಹಿಂತಿರುಗುವಷ್ಟರಲ್ಲಿ ಮುದುಕಿ ತೀರಿಕೊಂಡಿದ್ದಳು. ಮಗ ಎತ್ತಿನ ಹಗ್ಗ ಹಿಡಿದುಕೊಂಡೇ ಉಸಿರು ಇದೆಯೇ ಎಂದು ಕೇಳಿದನಂತೆ. ಆದರೆ ಹಳ್ಳದ ದಂಡೆಯಲ್ಲಿ ಅಷ್ಟು ಹೊತ್ತಿಗೆ ಅರ್ಧ ಊರೇ ಕೂಡಿತ್ತು, ಎಲ್ಲರೂ ನೋಡಿಯಾಗಿತ್ತು. ಕಾಕಾನಿಗೆ ಅದ ಎನ್ನಲು ಜಾಗ ಉಳಿದಿರಲಿಲ್ಲ. ಮುದುಕಿಯನ್ನು ಅಗಸಿಯ ಹೊರಗೇ ಇಳಿಸಿದರು. ಅವಳ ಮನೆಯ ಬಾಗಿಲು ಅಲ್ಲಿಂದ ಕಾಣುತ್ತಿತ್ತಂತೆ. ಇದನ್ನು ಅವನು ಅವ್ವನ ಮುಂದೆ ಹೇಳಿದಾಗ ನಾನೂ ಇದ್ದೆ. ಹೇಳುವಾಗ ಬಸಿಯಲ್ಲಿನ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು.

ಮರುದಿನವೇ ಅವನು ತೊಳೆಯದ ಕಾಲಿನೊಂದಿಗೆ ಪಾಟಾ ಮಿಸ್ತ್ರಿಯ ಬಳಿ ಹೋದದ್ದು. ಗಾಡಿಯ ಭಾರವನ್ನು ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿಗೆ ನಮ್ಮಲ್ಲಿ ಪಾಟಾ ಎನ್ನುತ್ತಾರೆ. ಏನು ಮಾಡುತ್ತಾನೋ ನೋಡೋಣವೆಂದು ನಾನೂ ಹಿಂದೆ ಹೋದೆ. ಗಾಡಿ ಎಷ್ಟು ಎತ್ತಬೇಕು ಎಂದು ಮಿಸ್ತ್ರಿ ಕೇಳಿದ. ಕಾಕಾ ಕಾಲನ್ನು ಅವನ ಮುಂದಿದ್ದ ಕಟ್ಟಿಗೆಯ ಬಾಂಕಿನ ಮೇಲಿಟ್ಟ.

"ಈ ಗೆರಿ ಅದಲ್ಲ, ಗಾಡಿ ಹೊಟ್ಟಿ ಇದರ ಮ್ಯಾಲೆ ಬರಬೇಕು."

ಮಿಸ್ತ್ರಿಗೆ ನಗು. "ಕಾಲು ತೊಳಕೊಂಡ್ ಬಾ ಮಾರಾಯಾ. ಅಳಿಯಾಕ ನನ್ನ ಹತ್ರ ಟೇಪು ಅದ."

"ನಿನ್ನ ಟೇಪು ಹಳ್ಳದಾಗ ಇಳದಿಲ್ಲ. ಈ ಕಾಲು ಇಳದದ."

ಕೆಲಸ ಹಲವು ದಿನ ನಡೆಯಿತು. ಗಾಡಿಯನ್ನು ಕಲ್ಲುಗಳ ಮೇಲೆ ನಿಲ್ಲಿಸಿ ನಾಲ್ಕೂ ಪಾಟಾಗಳನ್ನು ಬಿಚ್ಚಿದರು. ಮೂಲೆಯಲ್ಲಿ ಬಿದ್ದಿದ್ದ ಲಾರಿಯೊಂದರ ಪಟ್ಟಿಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಇನ್ನಷ್ಟು ಬಾಗುವಂತೆ ಬಡಿದು, ಎಣ್ಣೆಯಲ್ಲಿ ಅದ್ದಿದಾಗ ಎದ್ದ ಹೊಗೆ ಗಂಟಲಿಗೆ ಹತ್ತಿಕೊಳ್ಳುತ್ತಿತ್ತು. ಹಳೆಯ ಪಟ್ಟಿಗಳ ಜೊತೆ ಇವನ್ನು ಸೇರಿಸಿ, ಅಚ್ಚಿಗೂ ಪಾಟಾಕ್ಕೂ ನಡುವೆ ಕಬ್ಬಿಣದ ದಿಮ್ಮಿ ಕೊಟ್ಟು, ಉದ್ದನೆಯ ಬೋಲ್ಟು ಹಾಕಿ ಬಿಗಿದರು. ಆಮೇಲೆ ಟೈರು. ಗಾಡಿಯಂತೆಯೇ ಹರಾಜಿನಿಂದ ಬಂದ, ದಪ್ಪ ಹಲ್ಲುಗಳ, ಎದೆಗೆ ಹತ್ತಿರ ಬರುವಂಥ ಟೈರುಗಳು. ಅವು ಮಡ್ಗಾರ್ಡಿನೊಳಗೆ ಹಿಡಿಸಲಿಲ್ಲ. ಉಳಿಯಿಂದ ತಗಡಿನ ಅಂಚನ್ನು ಕಡಿದರು. ಗಾಡಿ ಮೇಲೆದ್ದಾಗ ಬ್ರೇಕಿನ ಪೈಪು ಬಟ್ಟೆ ಒಣಹಾಕುವ ಹಗ್ಗದಂತೆ ಸೆಟೆದು ನಿಂತದ್ದನ್ನು ಕಂಡು ಮಿಸ್ತ್ರಿ ತನ್ನ ತಲೆಗೇ ಹೊಡೆದುಕೊಂಡು, ಬೇರೆ ಉದ್ದದ ಪೈಪು ತರಿಸಿದ. ಕೊನೆಗೆ ಕಲ್ಲು ತೆಗೆದಾಗ ಗಾಡಿ ಒಂದು ದೊಡ್ಡ ಗೇಣು ಎತ್ತರವಾಗಿತ್ತು. ಕಾಕಾ ಅದರ ಕೆಳಗೆ ನುಸುಳಿ, ಹಿಂದಿನ ಅಚ್ಚಿನ ನಡುವೆ ಜೋತಾಡುವ ಕಬ್ಬಿಣದ ಗುಂಡಿನ ಪಕ್ಕ ಕಾಲು ಹಿಡಿದು ನೋಡಿದ. ಕೆಸರಿನ ಗೆರೆ ಗುಂಡಿಗಿಂತ ಎರಡು ಬೆರಳು ಕೆಳಗಿತ್ತು. ಹೊರಗೆ ಬಂದವನು ನಲ್ಲಿಯ ಹತ್ತಿರ ಹೋಗಿ ಕಾಲು ಚಾಚಿದ. ಆ ಮುದುಕಿಯ ಊರಿನ ಮಣ್ಣು ಕರಗಿ ಮಿಸ್ತ್ರಿಯ ಅಂಗಡಿಯ ಗಟಾರಕ್ಕೆ ಹರಿಯಿತು.

ಓಣಿಯ ಹುಡುಗರು ಗಾಡಿಗೆ ಒಂಟೆ ಎಂದು ಹೆಸರಿಟ್ಟರು. ಅದು ಓಣಿಯಿಂದ ಮಾಲಿಲ್ಲದೆ, ಹಾಸಿಗೆ ಹಾಸಿಕೊಂಡು ಹೊರಟರೆ ಆಟ ನಿಲ್ಲಿಸಿ ಮನೆಯೊಳಗೆ ಹೋಗುತ್ತಿದ್ದರು. ಬೆನ್ನ ಹಿಂದೆ ನಗುತ್ತಿದ್ದ ದೊಡ್ಡವರೂ ಅದು ಎದುರಿಗೆ ಬಂದರೆ ಬೇರೆ ಕಡೆ ಮುಖ ಮಾಡುತ್ತಿದ್ದರು. ಎತ್ತರಕ್ಕೆ ತಕ್ಕ ಬೆಲೆಯನ್ನೂ ತೆರಬೇಕಾಯಿತು. ಹೊಸ ಪಾಟಾ ಬಿರುಸು, ಸಣ್ಣ ತಗ್ಗಿಗೂ ಗಾಡಿ ಎಗರುತ್ತಿತ್ತು. ಕಾಕಾ ಮಿಲ್ಲಿನಿಂದ ಭತ್ತದ ಹೊಟ್ಟಿನ ಚೀಲ ತಂದು ಕೌದಿಯ ಕೆಳಗೆ ಹಾಸತೊಡಗಿದ. ಒಮ್ಮೆ ದೇವದುರ್ಗದ ಕಡೆಯ ಒಬ್ಬ ಯಜಮಾನನನ್ನು ಇನ್ನೇನು ಮುಗಿಯಿತು ಎಂದು ಒಯ್ಯುತ್ತಿದ್ದಾಗ, ಮಸರಕಲ್ ದಾಟಿದ ಮೇಲೆ ಒಂದು ತಗ್ಗಿನಲ್ಲಿ ಗಾಡಿ ಹಾರಿ ಬಿದ್ದ ರಭಸಕ್ಕೆ ಆ ಮನುಷ್ಯ ಎದ್ದು ಕೂತು, ಯಾವ ಸೂಳೇಮಗ ಗಾಡಿ ಹೊಡೆಯುತ್ತಿರುವುದು ಎಂದು ಕೇಳಿದನಂತೆ. ಆಮೇಲೆ ಮೂರು ನಾಲ್ಕು ವರ್ಷ ಬದುಕಿದ. "ಡಾಕ್ಟರ್ ಕೈಲೆ ಆಗಲಿಲ್ಲ, ನನ್ನ ಪಾಟಾ ಮಾಡ್ತು" ಎಂದು ಕಾಕಾ ಹೇಳಿಕೊಂಡು ತಿರುಗಿದ. ಅದೇ ಯಜಮಾನ ನಿಜವಾಗಿ ಸಾಯುವ ಹೊತ್ತು ಬಂದಾಗ ಒಂಟೆ ಬೇಡವೇ ಬೇಡ ಎಂದು ಹಟ ಹಿಡಿದನೆಂದೂ ಅವನೇ ಹೇಳುತ್ತಿದ್ದ. ಇದರಲ್ಲಿ ಎಷ್ಟು ನಿಜವೋ ನಾನರಿಯೆ.

ಆದರೆ ಅವನ ಅಳತೆಯಲ್ಲಿ ಒಂದು ತಪ್ಪಾಗಿತ್ತು, ಅದು ಮೊದಲನೆಯ ಮಳೆಗಾಲದಲ್ಲೇ ಹೊರಬಿತ್ತು. ಹಳ್ಳಗಳನ್ನೆಲ್ಲ ಆನೆಯಂತೆ ದಾಟಿದ ಗಾಡಿ ಒಂದು ಊರಿನ ಅಗಸಿಯ ಮುಂದೆ ಹೋಗಿ ಮೇಲಿನ ಕಲ್ಲುತೊಲೆಗೆ ಢಿಕ್ಕಿ ಹೊಡೆಯಿತು. ತೊಟ್ಟಿಯ ಮೇಲಿನ ಕಬ್ಬಿಣದ ಕಮಾನು ತೊಲೆಗಿಂತ ನಾಲ್ಕು ಬೆರಳು ಮೇಲಿತ್ತು. ಕಮಾನುಗಳನ್ನು ಬಿಚ್ಚುವಂತಿರಲಿಲ್ಲ, ಮಿಲಿಟರಿಯವರು ರಿವೆಟ್ಟು ಹೊಡೆದು ಕೂಡಿಸಿದ್ದರು. "ಕೆಳಗಿಂದು ಅಳದೆ, ಮ್ಯಾಲಿಂದು ಮರ್ತೆ" ಎಂದು ಕಾಕಾ ತನ್ನನ್ನು ತಾನೇ ಬೈದುಕೊಂಡ. ಮೊದಲು ಅವನು ನೇರವಾಗಿ ಮನೆಯ ಬಾಗಿಲಿಗೆ ಹೋಗುತ್ತಿದ್ದ, ಯಾರೂ ತಡೆದು ಕೇಳುತ್ತಿರಲಿಲ್ಲ. ಈಗ ಪ್ರತಿ ಅಗಸಿಯಲ್ಲೂ ನಿಲ್ಲಲೇಬೇಕು. ಅಗಸಿಯ ಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಾರೆ, ಅವರು ಕೇಳಿಯೇ ಕೇಳುತ್ತಾರೆ.

ಅಲ್ಲೇ ನಿಲ್ಲಿಸಿ, ಹಗ್ಗದ ಹೊರಸಿನ ಮೇಲೆ ಹೊತ್ತುಕೊಂಡು ಹೋಗುತ್ತೇವೆ ಎಂದು ಮನೆಯವರು ಅಂದರೂ ಕಾಕಾ ಒಪ್ಪುತ್ತಿರಲಿಲ್ಲ. ಹೊಸ್ತಿಲ ತನಕ ಎಂದರೆ ಹೊಸ್ತಿಲ ತನಕ. ಅದಕ್ಕೆ ಇನ್ನೊಂದು ಕಾರಣವೂ ಇತ್ತೆಂದು ನನಗೆ ಬಹಳ ತಡವಾಗಿ ಹೊಳೆಯಿತು. ಅವನ ಊರಲ್ಲಿ ಅವನ ಜನರ ಮನೆಗಳು ಅಗಸಿಯ ಹೊರಗೆ, ಕೇರಿಯಲ್ಲಿದ್ದವು. ಅವನ ಅಪ್ಪ, ಅಜ್ಜ ಯಾರೂ ಇಂಥ ಬಾಗಿಲುಗಳಲ್ಲಿ ತಲೆಯೆತ್ತಿ ಒಳಹೋದವರಲ್ಲ. ಇವನು ಮಾತ್ರ ಗಾಡಿಯ ಮೇಲೆ ಕೂತೇ ಹೋಗುತ್ತಿದ್ದ. ಒಳಗೆ ಮಲಗಿದವನು ಯಾರದೋ ಮನೆಯ ಯಜಮಾನನಾಗಿರುತ್ತಿದ್ದರಿಂದ ಇಳಿ ಎನ್ನುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಇದನ್ನು ಅವನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಕಟ್ಟಿಕೊಂಡ ಅರ್ಥವೂ ಇದ್ದೀತು.

ಅವನು ಕಂಡುಕೊಂಡ ಉಪಾಯ ಟೈರಿನ ಗಾಳಿ ಬಿಡುವುದು. ಗಾಲಿಯಿಂದ ಗಾಲಿಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ವಾಲ್ವು ಒತ್ತುತ್ತಿದ್ದ. ಹಿಸ್ಸೆಂದು ಗಾಳಿ ಹೊರಟು ಗಾಡಿ ಮೆಲ್ಲಗೆ ಕುಸಿಯುತ್ತಿತ್ತು. ಬೇಕಾದಷ್ಟು ಕುಸಿದ ಮೇಲೆ ತೊಲೆಯ ಕೆಳಗೆ ನುಸುಳಿ ಒಳಹೋಗಿ, ವಾಪಸು ಹೊರಡುವ ಮುಂಚೆ ಕಾಲಿನ ಪಂಪಿನಿಂದ ಮತ್ತೆ ತುಂಬುತ್ತಿದ್ದ. ನಾಲ್ಕು ದೊಡ್ಡ ಟೈರಿಗೆ ಗಾಳಿ ತುಂಬುವುದೆಂದರೆ ಸಣ್ಣ ಕೆಲಸವಲ್ಲ. ಮನೆಯವರು ಒಳಗೆ ಅಳುತ್ತಿರುವಾಗ ಹೊರಗೆ ಅವನು ಬೆವರುತ್ತ ಪಂಪು ತುಳಿಯುತ್ತಿರುತ್ತಿದ್ದ.

ರಜೆಯಲ್ಲಿ ಊರಿಗೆ ಹೋಗುವಾಗ ಒಮ್ಮೆ ಅವನ ಗಾಡಿಯಲ್ಲೇ ಹೋದೆ. ತೊಟ್ಟಿಯಲ್ಲಿ ಒಬ್ಬ ರೈತ, ಪಕ್ಕದಲ್ಲಿ ಅವನ ಹೆಂಡತಿ. ಮಸರಕಲ್ಲಿಗೆ ಮುಂಚಿನ ಹಳ್ಳದಲ್ಲೇ ಆ ಮನುಷ್ಯ ಸತ್ತಿದ್ದ. ದವಡೆ ಬಿದ್ದಿತ್ತು, ಕಣ್ಣಿನ ಮೇಲೆ ನೊಣ ಕೂತರೂ ರೆಪ್ಪೆ ಅಲುಗಲಿಲ್ಲ. ಕಾಕಾ ಬಂದು ಕೈ ಹಿಡಿದು ಅದ ಎಂದ. ಆ ಹೆಂಗಸು ಗಂಡನ ಕಾಲು ಒತ್ತುವುದನ್ನು ಮುಂದುವರಿಸಿದಳು. ಅವರನ್ನು ಮುಟ್ಟಿಸಿ ಹೊರಟ ಮೇಲೆ ನಾನು ಸುಮ್ಮನಿರಲಾರದೆ, ಅದು ಸುಳ್ಳಲ್ಲವೇ ಕಾಕಾ ಎಂದೆ. ಆಗ ನನಗೆ ಇಪ್ಪತ್ತರ ಪ್ರಾಯ, ಸತ್ಯವನ್ನು ಜಗತ್ತಿನಲ್ಲಿ ನಾನೊಬ್ಬನೇ ಕಾಯುತ್ತಿದ್ದೇನೆಂಬ ಗತ್ತು.

ಅವನು ಎದುರಿನ ತಗ್ಗು ತಪ್ಪಿಸಿ ಗಾಡಿ ಏರಿಸಿದ. ಆಮೇಲೆ, "ಆ ಹೆಣ್ಮಗಳಿಗೆ ಇನ್ನೂ ಆರು ಮೈಲಿ ಇತ್ತಲ್ಲೋ" ಎಂದ.

ಅಪ್ಪನ ಸರದಿ ಬಂದದ್ದು ಇದಾಗಿ ಎರಡನೆಯ ಮಳೆಗಾಲದಲ್ಲಿ. ಕೆಮ್ಮು, ಜ್ವರ ಎಂದು ರಾಯಚೂರಿಗೆ ಬಂದವರು ದವಾಖಾನೆಯಲ್ಲಿ ಮಲಗಿ ಏಳಲಿಲ್ಲ. ಒಂದು ಬೆಳಿಗ್ಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, ಊರು ಎಷ್ಟು ದೂರ ಎಂದಷ್ಟೇ ಕೇಳಿದರು. ನಾನು ಬಯಲಿಗೆ ಬಂದಾಗ ಕಾಕಾ ಆಗಲೇ ಹೊಟ್ಟಿನ ಚೀಲ ಹಾಸುತ್ತಿದ್ದ. ಯಾರು ಹೇಳಿದರೋ ಗೊತ್ತಿಲ್ಲ. ಆ ದಿನ ಅವನು ನನ್ನನ್ನು ಶ್ಯಾಣ್ಯಾ ಎನ್ನಲಿಲ್ಲ.

ಅಪ್ಪನ ತಲೆ ಅವ್ವನ ತೊಡೆಯ ಮೇಲಿತ್ತು. ನಾನು ಕಾಲ ಬಳಿ ಕೂತಿದ್ದೆ. ಅಪ್ಪ ಮೂರು ದಿನದಿಂದ ಆಡಿದ್ದು ಒಂದೇ ಮಾತು, ಮನೆಗೆ ನಡೀರಿ ಎಂದು. ಮಸರಕಲ್ಲಿನ ಹತ್ತಿರ ಅವರಿಗೆ ಉಸಿರಿತ್ತು, ಅದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಎದೆಯೊಳಗೆ ಗೊರಗೊರ ಸದ್ದು ಕೇಳುತ್ತಿತ್ತು. ಆಮೇಲಿನ ಹಳ್ಳಗಳಲ್ಲಿ ಕಾಕಾ ಇಳಿದು ಬಂದು ಅದ, ಅದ ಎಂದ. ಕೊನೆಯ ಹಳ್ಳದಲ್ಲಿ ನೀರು ತುಂಬಾ ಇದ್ದು, ನಿಲ್ಲಿಸಿದರೆ ಹೂತೀತೆಂದು ನಿಲ್ಲಿಸದೆ ಏರಿಸಿದ. ಗಾಡಿ ಎಲ್ಲೂ ಕೂಡಲಿಲ್ಲ. ಗೆರೆಯ ಅಳತೆ ಸರಿಯಾಗಿತ್ತು.

ನಮ್ಮೂರ ಅಗಸಿಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಕಟ್ಟೆಯ ಮೇಲಿದ್ದ ಹಿರಿಯರು ಎದ್ದು ನಿಂತರು. ಕಾಕಾ ಇಳಿದು ಗಾಳಿ ಬಿಡತೊಡಗಿದ. ಹಿಸ್ಸೆನ್ನುವ ಸದ್ದು ಮೊದಲು ಮುಂದಿನಿಂದ, ಆಮೇಲೆ ಹಿಂದಿನಿಂದ, ನನ್ನ ಕೆಳಗಿನಿಂದಲೇ ಬಂತು. ಗಾಡಿ ಒಂದು ಕಡೆ ವಾಲಿ ಇಳಿಯುತ್ತಿತ್ತು. ಆಗ ಹಿರಿಯರಲ್ಲೊಬ್ಬರು ಹತ್ತಿರ ಬಂದು ತಾಡಪತ್ರಿ ಸರಿಸಿ, ನಮ್ಮ ಯಾರ ಮುಖವನ್ನೂ ನೋಡದೆ ಕೇಳಿದರು.

"ಉಸರು ಅದ ಏನ್ರಪಾ?"

ನಾನು ಅಪ್ಪನ ಎದೆಗೆ ಕಿವಿಯಿಟ್ಟೆ. ಉಸಿರು ಕೇಳಿಸಿತು. ಉದ್ದವಾದ, ಎಡೆಬಿಡದ, ನಿರಾಯಾಸವಾದ ಉಸಿರು. ತಿಂಗಳಿಂದ ಅಪ್ಪ ಅಷ್ಟು ಸಲೀಸಾಗಿ ಉಸಿರಾಡಿರಲಿಲ್ಲ. ಅದು ಅಪ್ಪನದೋ ಟೈರಿನದೋ ಎಂಬುದೇ ಈವತ್ತಿನವರೆಗೂ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೂಡಿಸುವ ಪ್ರಶ್ನೆ.

"ಅದ" ಎಂಬ ಮಾತು ಕೇಳಿಸಿತು. ಹಿರಿಯರು ಪಕ್ಕಕ್ಕೆ ಸರಿದರು. ಗಾಡಿ ತೊಲೆಯ ಕೆಳಗೆ ಹಾದಾಗ ಕಮಾನು ಕಲ್ಲಿಗೆ ತಾಗಿ ಗೀರಿದ ಸದ್ದು ಬಂತು. ಮನೆಯ ಮುಂದೆ ನಾಲ್ವರು ಅಪ್ಪನನ್ನು ಇಳಿಸಿಕೊಂಡು, ಹೊಸ್ತಿಲು ದಾಟಿಸಿ, ಪಡಸಾಲೆಯಲ್ಲಿ ಮಲಗಿಸಿದರು. ಹಿರಿಯರು ಕೈ ಹಿಡಿದು ನೋಡಿ, ಈಗ ಹೋಯಿತು ಎಂದರು. ಅವ್ವ ಆಗ ಅತ್ತಳು. ಹೊರಗೆ ಪಂಪು ತುಳಿಯುವ ಸದ್ದು ಕೇಳುತ್ತಿತ್ತು.

ಆಮೇಲೆ ನಾನು ಧಾರವಾಡಕ್ಕೆ ಓದಲು ಹೋದೆ. ಒಂದು ಊರಿನಲ್ಲೂ ಎರಡು ವರ್ಷ ನಿಲ್ಲದೆ ಅಲ್ಲಿ ಇಲ್ಲಿ ಕೆಲಸ ಮಾಡಿದೆ. ಅಪ್ಪ ಮನೆಯಲ್ಲೇ ಹೋದರು ಎನ್ನುವುದು ಅವ್ವನಿಗೆ ಎಂಥ ನೆಮ್ಮದಿ ಕೊಟ್ಟಿತ್ತೆಂದರೆ, ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ನನಗೋ ಪ್ರತಿ ಸಲ ಕೇಳಿದಾಗಲೂ ಕಿವಿಯಲ್ಲಿ ಹಿಸ್ಸೆನ್ನುತ್ತಿತ್ತು. ಸೈಕಲ್ ಅಂಗಡಿಯ ಮುಂದೆ ಯಾರಾದರೂ ಗಾಳಿ ಬಿಟ್ಟರೆ ಕಾಲುಗಳು ನಿಂತುಬಿಡುತ್ತಿದ್ದವು. ನನ್ನ ನೆನಪಿನಲ್ಲಿ ಮಾತ್ರ ಚಿತ್ರ ಸ್ಪಷ್ಟವಾಗಿತ್ತು. ಕಾಕಾ ತಾಡಪತ್ರಿಯೊಳಗೆ ಕೈ ಚಾಚುತ್ತಾನೆ, ಬೆರಳಿಗೆ ಟೈರಿನ ಧೂಳು ಮೆತ್ತಿದೆ, ಅಪ್ಪನ ಮೂಗಿನ ಬಳಿ ಹಿಡಿಯುತ್ತಾನೆ, ಅದ ಎನ್ನುತ್ತಾನೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ರಾಯಚೂರಿಗೆ ಬಂದಾಗ ಕಾಕಾನನ್ನು ಹುಡುಕಿಕೊಂಡು ಹೋದೆ. ಒಂಟೆ ಆಗ ವಿದ್ಯುತ್ ಸ್ಥಾವರ ಕಟ್ಟುತ್ತಿದ್ದ ಶಕ್ತಿನಗರಕ್ಕೆ ಕೂಲಿಯವರನ್ನು ಒಯ್ದು ಬರುತ್ತಿತ್ತು. ಎಷ್ಟೋ ಹಳ್ಳಗಳಿಗೆ ಸೇತುವೆಯಾಗಿ, ಡಾಂಬರು ಬಂದು, ಆ ಎತ್ತರದ ಗಾಡಿ ಸಪಾಟು ರಸ್ತೆಯ ಮೇಲೆ ಜಾತ್ರೆಗೆ ವೇಷ ಹಾಕಿಕೊಂಡು ದಿನ ತಪ್ಪಿ ಬಂದವನಂತೆ ಕಾಣುತ್ತಿತ್ತು. ಕಾಕಾ ಕುಗ್ಗಿದ್ದ. ನನ್ನನ್ನು ಕಂಡು, "ಬಾರೋ ಶ್ಯಾಣ್ಯಾ, ಎಷ್ಟ್ ಮಂದಿಗೆ ಹುಚ್ಚು ಬಿಡಿಸಿದಿ?" ಎಂದು ಚಹಾ ತರಿಸಿದ. ಆ ಮಾತು ಈ ಮಾತಿನ ನಂತರ ಕೇಳಿದೆ: ಕಾಕಾ, ಖರೆ ಹೇಳು, ನಮ್ಮಪ್ಪಗ ಅಗಸಿಯೊಳಗ ಉಸಿರಿತ್ತೇನು? ನೀನು ಅದ ಅಂದದ್ದು ಖರೆನೋ, ಆರು ಮೈಲಿ ಲೆಕ್ಕದ್ದೋ?

ಬಸಿ ತುಟಿಯ ತನಕ ಹೋದದ್ದು ನಿಂತಿತು. ಅವನು ನಿಜಕ್ಕೂ ಬೆರಗಾದಂತೆ ಕಂಡ.

"ನಾ ಎಲ್ಲಿ ಅಂದೆ? ನಾ ಕೆಳಗ ಕುಂತು ಗಾಳಿ ಬಿಡಾಕತ್ತಿದ್ದೆ. ನೀ ಎದಿಗೆ ಕಿವಿ ಇಟ್ಟಿದ್ದಿ. ನೀನ ಅಂದಿ."

ನಾನು ಇಲ್ಲ ಎಂದೆ. ಅವನು ವಾದಿಸಲಿಲ್ಲ. ನೀನು ಅಂದೆ ಎಂಬುದಕ್ಕೇ ನಾನು ಗಾಡಿ ಏರಿದೆ, ಇಲ್ಲವಾದರೆ ಎದ್ದು ಬಂದು ನೋಡುತ್ತಿದ್ದೆ ಎಂದಷ್ಟೇ ಹೇಳಿದ. ಆ ಮೇಲೆ ಬಸಿ ಕೆಳಗಿಟ್ಟು, ನನ್ನನ್ನು ಒಂದು ಥರ ಅನುಕಂಪದಿಂದ ನೋಡಿದ. ಅವನ ಮಾತಿನಲ್ಲಿ ತರ್ಕವಿತ್ತು. ಹಿಂದಿನ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂತವನು ಅಷ್ಟೆತ್ತರದ ತೊಟ್ಟಿಯೊಳಗೆ ಕೈ ಚಾಚುವುದು ಹೇಗೆ? ನಾನು ಅಷ್ಟು ಸ್ಪಷ್ಟವಾಗಿ ಕಾಣುತ್ತಿದ್ದ ಧೂಳಿನ ಬೆರಳುಗಳು ಬೇರೆ ಯಾವುದೋ ಹಳ್ಳದ್ದು, ಬೇರೆ ಯಾರದೋ ಮೂಗಿನದು ಆಗಿರಬೇಕು.

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, ಯಾರು ಯಾಕ ಹೇಳಬೇಕು, ನಿಮ್ಮಪ್ಪನೇ ಹೇಳಿದರಲ್ಲ ಎಂದಳು. ಅಗಸಿ ಬಂತು ಅಂದೆ, ಹ್ಞೂಂ ಅಂದರು ಎಂದೂ ಸೇರಿಸಿದಳು. ಅವಳಿಗೆ ಅದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಅವಳಿಗೆ ಸಾಯುವ ತನಕವೂ ಇರಲಿಲ್ಲ. ಒಂದೇ ತೊಟ್ಟಿಯ ಸುತ್ತ ಇದ್ದ ಮೂವರಿಗೆ ಮೂರು ಬಾಯಿಗಳು ನೆನಪಿದ್ದವು. ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ತರಗತಿಯಲ್ಲಿ ನಾನು ಇದನ್ನು ಒಮ್ಮೆಯೂ ಹೇಳಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾಕಾನ ತಂಗಿಯ ಮಗ ನನಗೆ ಹೇಳಿಕಳಿಸಿದ. ಒಂಟೆಯನ್ನು ಆಗ ಅವನೇ ಓಡಿಸುತ್ತಿದ್ದ. ಕಾಕಾ ದವಾಖಾನೆಯಲ್ಲಿದ್ದ, ಡಾಕ್ಟರು ಮನೆಗೆ ಒಯ್ಯಲು ಹೇಳಿದ್ದರು. ನಾನು ಹೋದಾಗ ತೊಟ್ಟಿಯಲ್ಲಿ ಹೊಟ್ಟಿನ ಚೀಲಗಳ ಮೇಲೆ ಮಲಗಿಸಿಯಾಗಿತ್ತು. ಸದಾ ಬೇರೆಯವರಿಗೆ ಹಾಸುತ್ತಿದ್ದ ಜಾಗದಲ್ಲಿ ಮಲಗಿ ಅವನು ತಾಡಪತ್ರಿಯ ತೂತುಗಳನ್ನು ನೋಡುತ್ತಿದ್ದ. ನಾನು ಪಕ್ಕದಲ್ಲಿ ಕೂತೆ. "ಪಾಟಾ ಭಾಳ ಬಿರುಸು ಆಗ್ಯಾವಲ್ಲೋ" ಎಂದ ಸ್ವಲ್ಪ ದೂರ ಹೋದ ಮೇಲೆ. ಈಗ ಗೊತ್ತಾಯಿತೇ ಎಂದೆ. ಬಾಯಿಯ ಒಂದು ಬದಿಯಲ್ಲಿ ನಕ್ಕ. ಅವನ ಕೊನೆಯ ಮಾತು ಅದೇ.

ಬೇಸಿಗೆಯ ಮಧ್ಯಾಹ್ನ. ಹಳ್ಳಗಳು ಒಣಗಿದ್ದವು, ಮೇಲೆ ಸೇತುವೆಗಳಿದ್ದವು. ಆದರೂ ತಂಗಿಯ ಮಗ ಪ್ರತಿ ಸೇತುವೆಯ ಮುಂಚೆ ಗಾಡಿ ನಿಲ್ಲಿಸುತ್ತಿದ್ದ. ಆ ಪದ್ಧತಿಯನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಾರರು. ಇಳಿದು ಬರುತ್ತಿರಲಿಲ್ಲ, ಹಿಂದಿನ ಕಿಂಡಿಯಲ್ಲಿ ನನ್ನ ಮುಖ ನೋಡುತ್ತಿದ್ದ. ನಾನು ಅಂಗೈಯ ಬೆನ್ನು ಹಿಡಿದು, ಅದ ಎಂಬಂತೆ ತಲೆಯಾಡಿಸುತ್ತಿದ್ದೆ. ಕಾಕಾನ ಊರು 'ಆ ಬೇವಿನ ಸಾಲು ದಾಟಿದರೆ' ಎನ್ನುವಷ್ಟು ಹತ್ತಿರ ಬಂದಾಗ ಕೈಗೆ ಏನೂ ತಾಗಲಿಲ್ಲ. ಎದೆಗೆ ಕಿವಿಯಿಟ್ಟೆ. ಗಾಡಿ ನಿಂತಿತ್ತು, ಎಂಜಿನ್ನು ಬಂದ್ ಆಗಿತ್ತು, ಗಾಳಿಯೂ ಇರಲಿಲ್ಲ. ಗೊಂದಲಕ್ಕೆ ಅವಕಾಶವೇ ಇಲ್ಲದ ನಿಶ್ಶಬ್ದ. ಕಾಕಾನಿಗೆ ಉಸಿರಿರಲಿಲ್ಲ. ನನ್ನ ಜೀವಮಾನದಲ್ಲಿ ನಾನು ಇಷ್ಟು ಖಚಿತವಾಗಿ ತಿಳಿದ ಸಂಗತಿಗಳು ಬಹಳಿಲ್ಲ. ಕಿಂಡಿಯ ಕಡೆ ನೋಡಿ ಮೊದಲಿನಂತೆಯೇ ತಲೆಯಾಡಿಸಿದೆ. ಗಾಡಿ ಹೊರಟಿತು.

ಊರ ಅಗಸಿಯನ್ನು ಎಡಕ್ಕೆ ಬಿಟ್ಟು ಗಾಡಿ ಕೇರಿಯ ಕಡೆ ತಿರುಗಿತು. ಅಲ್ಲಿಗೆ ಹೋಗಲು ಯಾವ ತೊಲೆಯ ಕೆಳಗೂ ನುಸುಳಬೇಕಿಲ್ಲ, ಯಾವ ಗಾಳಿಯನ್ನೂ ಬಿಡಬೇಕಿಲ್ಲ. ಕಟ್ಟೆಯ ಮೇಲಿನವರು ತಿರುಗಿಯೂ ನೋಡಲಿಲ್ಲ. ಆದರೆ ಕೇರಿಯ ಮನೆಗೂ ಹೊಸ್ತಿಲಿದೆ, ಅಲ್ಲೂ ಅದೇ ನೇಮವಿದೆ. ಕಾಕಾನ ತಂಗಿ ಬಾಗಿಲಲ್ಲಿ ನಿಂತಿದ್ದಳು, ಹಿಂದೆ ನೆಂಟರೆಲ್ಲ ಕೂಡಿದ್ದರು. ನಾಲ್ಕು ಜನ ಅವನನ್ನು ಇಳಿಸಿಕೊಳ್ಳಲು ಕೈ ಚಾಚಿ, ಅವಳ ಅಪ್ಪಣೆಗೆ ಕಾದು ನಿಂತರು. ಅವಳು ಅಣ್ಣನನ್ನು ನೋಡದೆ ಪೇಟೆಯಿಂದ ಬಂದ, ಓದಿದ, ಸುಳ್ಳು ಹೇಳುವ ಕಾರಣವಿಲ್ಲದ ನನ್ನನ್ನು ನೋಡಿದಳು.

"ಯಪ್ಪಾ, ನಮ್ಮಣ್ಣನ ಉಸರು ಅದ ಏನ್ರಿ?"

"ಅದ" ಎಂದೆ.

ಅವಳು ಪಕ್ಕಕ್ಕೆ ಸರಿದಳು. ಕಾಕಾ ಹೊಸ್ತಿಲು ದಾಟಿದ. ನಾನು ತೊಟ್ಟಿಯಲ್ಲೇ, ಅವನ ತಲೆಯ ಗುರುತು ಉಳಿದಿದ್ದ ಹೊಟ್ಟಿನ ಚೀಲದ ಪಕ್ಕ ಕೂತಿದ್ದೆ. ಈ ಸಲ ಹೇಳಿದವನು ನಾನೇ, ಅದರಲ್ಲಿ ಸಂದೇಹವಿಲ್ಲ. ಆದರೆ ಹೇಳುವಾಗ ಆ ಮಾತು ನನ್ನ ನಾಲಿಗೆಗೆ ಹೊಸದು ಅನ್ನಿಸಲಿಲ್ಲ.